ಮೊದಲು ಯಾರ ಕರೆ ಹೋಗಬೇಕು?

ಎಲ್ಲರಿಗೂ ಶರಣು.

ನಮ್ಮ ಕಲಬುರಗಿಯ ಅಪ್ಪನ ಜಾತ್ರೆಯಿಂದ ಮಾತು ಆರಂಭಿಸುತ್ತೇನೆ. ಶರಣಬಸವೇಶ್ವರರ ತೇರು ಎಳೆಯುವ ಹೊತ್ತಿಗೆ ಆ ಜನಸಾಗರದ ನಡುವೆ ನಿಂತು ಮನೆಗೆ ಫೋನ್ ಮಾಡಲು ಒದ್ದಾಡಿದವರು ಇಲ್ಲಿ ಬಹಳ ಮಂದಿ ಇದ್ದೀರಿ. ಒಂದು ವರ್ಷ ನನ್ನ ಪಕ್ಕದಲ್ಲೇ ತಾಯಿಯೊಬ್ಬರ ಕೈ ತಪ್ಪಿ ಮಗು ಕಾಣೆಯಾಯಿತು. ಅಲ್ಲಿದ್ದ ಸ್ವಯಂಸೇವಕ ಹುಡುಗ ಪೊಲೀಸರಿಗೆ ತಿಳಿಸಲು ಮೇಲಿಂದ ಮೇಲೆ ಒಂದೇ ಗುಂಡಿ ಒತ್ತುತ್ತಿದ್ದ. ಅವನ ಮೊಬೈಲಿನಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ ಇದ್ದವು, ಕರೆ ಮಾತ್ರ ಹೋಗಲಿಲ್ಲ. ಕೊನೆಗೆ ಅವನು ಫೋನನ್ನು ಜೇಬಿಗಿಳಿಸಿ ಹೊರಠಾಣೆಗೆ ಓಡಿದ. ಮಗು ಸಿಕ್ಕಿತು. ಆದರೆ ಆ ಕಡ್ಡಿಗಳು ನನ್ನ ಕಣ್ಣಿನಿಂದ ಹೋಗಿಲ್ಲ.

ಟವರಿನ ದನಿ ಮೊಬೈಲಿಗೆ ಎಷ್ಟು ಚೆನ್ನಾಗಿ ಕೇಳುತ್ತಿದೆ ಎಂಬುದನ್ನಷ್ಟೇ ಆ ಕಡ್ಡಿಗಳು ಹೇಳುತ್ತವೆ. ನಿಮ್ಮ ದನಿ ಟವರಿಗೆ ಕೇಳುವುದು ಬೇರೆ ಮಾತು. 4ಜಿಯಲ್ಲಿ ‘ನಾನಿದ್ದೇನೆ, ದಾರಿ ಕೊಡಿ’ ಎನ್ನಲು ಒಂದು ಸೆಲ್‌ನಲ್ಲಿ (ಟವರು ಆವರಿಸುವ ಪ್ರದೇಶದ ಒಂದು ಭಾಗದಲ್ಲಿ) ಇರುವುದು 64 ಸಂಕೇತಗಳು. ಒಂದೇ ಗಳಿಗೆಯಲ್ಲಿ ಇಬ್ಬರು ಒಂದೇ ಸಂಕೇತ ಆರಿಸಿಕೊಂಡರೆ ಡಿಕ್ಕಿ, ಮತ್ತೆ ಪ್ರಯತ್ನಿಸಬೇಕು. ಸಾವಿರಾರು ಫೋನುಗಳು ಮತ್ತೆ ಮತ್ತೆ ಕೂಗತೊಡಗಿದರೆ ಯಾರ ದನಿಯೂ ಕೇಳುವುದಿಲ್ಲ.

ಆಗ ಟವರು ಒಂದು ಪ್ರಕಟಣೆ ಹೊರಡಿಸಬಹುದು: ‘ಹತ್ತರಲ್ಲಿ ಮೂವರು ಮಾತ್ರ ಬನ್ನಿ.’ ನಿಮ್ಮ ಮೊಬೈಲು ತನ್ನೊಳಗೇ ಚೀಟಿ ಎತ್ತುತ್ತದೆ. ಚೀಟಿ ಬೀಳದಿದ್ದರೆ ಟವರು ಹೇಳಿದ ಅವಧಿಯ ಆಸುಪಾಸು ಸುಮ್ಮನಿರುತ್ತದೆ. ಆ ಅವಧಿ 4 ಸೆಕೆಂಡಿನಿಂದ 512 ಸೆಕೆಂಡಿನವರೆಗೆ ಇರಬಹುದು. ಇದು ನನಗೆ ಇಂದಿಗೂ ಅಚ್ಚರಿಯ ವಿಷಯ. ಅಲ್ಲಿ ನಿಮ್ಮನ್ನು ಬಾಗಿಲಲ್ಲಿ ತಡೆಯುವವರು ಯಾರೂ ಇಲ್ಲ, ನಿಮ್ಮ ಫೋನೇ ಬಾಯಿ ಮುಚ್ಚಿಕೊಂಡಿರುತ್ತದೆ.

ಯಾರು ಚೀಟಿ ಎತ್ತಬೇಕು, ಯಾರು ನೇರವಾಗಿ ಹೋಗಬಹುದು ಎಂಬುದು ಸಿಮ್‌ನಲ್ಲಿ ಬರೆದಿರುತ್ತದೆ. ನಮ್ಮೆಲ್ಲರ ಸಿಮ್‌ಗಳಿಗೆ 0ಯಿಂದ 9ರವರೆಗಿನ ಒಂದು ವರ್ಗ ಸಿಕ್ಕಿರುತ್ತದೆ. 11ರಿಂದ 15 ವಿಶೇಷ ವರ್ಗಗಳು: 12 ಭದ್ರತಾ ಪಡೆಗಳಿಗೆ, 13 ನೀರು, ವಿದ್ಯುತ್ತಿನಂಥ ಸೇವೆಗಳಿಗೆ, 14 ತುರ್ತು ಸೇವೆಗಳಿಗೆ, 11 ಮತ್ತು 15 ಮೊಬೈಲ್ ಕಂಪನಿಯ ಬಳಕೆಗೆ. 10 ಎಂಬುದು ಸಿಮ್‌ನಲ್ಲಿ ಇರುವುದಿಲ್ಲ. ಅದು ತುರ್ತು ಕರೆಗೆ ಬಾಗಿಲು ತೆರೆದಿದೆಯೇ ಎಂದು ಟವರು ತೋರಿಸುವ ಗುರುತು. ನೀವು 112ಕ್ಕೆ ಮಾಡುವ ಕರೆಗೆ ಹೀಗೆ ಬೇರೆಯೇ ದಾರಿ ಇದೆ. ಆದರೆ ತಹಶೀಲ್ದಾರರು ಲೈನ್‌ಮನ್‌ಗೆ ಮಾಡುವ ಕರೆ 112 ಅಲ್ಲ, ಅದು ಸಾಮಾನ್ಯ ಕರೆ. ರಕ್ಷಣಾ ಕಾರ್ಯವೆಲ್ಲ ನಡೆಯುವುದು ಅಂಥ ಸಾಮಾನ್ಯ ಕರೆಗಳಲ್ಲೇ.

ತೊಡಕು ಇರುವುದು ಒಂದು ಜಾಲದಿಂದ ಇನ್ನೊಂದಕ್ಕೆ ದಾಟುವಲ್ಲಿ. 2ಜಿಗೆ ಚೀಟಿ ಎತ್ತುವುದು ಗೊತ್ತಿಲ್ಲ. ಅಲ್ಲಿ ಇಡೀ ವರ್ಗವನ್ನೇ ಮುಚ್ಚುತ್ತಾರೆ, ಇಲ್ಲವೇ ತೆರೆಯುತ್ತಾರೆ. 5ಜಿಯಲ್ಲಿ ನೀವು ಯಾರು, ಯಾವ ಕೆಲಸಕ್ಕೆ ಬಂದಿದ್ದೀರಿ ಎಂಬ ಎರಡನ್ನೂ ಕೂಡಿಸಿ ತೀರ್ಮಾನಿಸುವ ಒಂದೇ ನಿಯಮವಿದೆ. ವೈಫೈ ಇನ್ನೊಂದು ಲೋಕ. ಅದು ಮಾತು, ವಿಡಿಯೊ, ಸಾಮಾನ್ಯ, ಹಿನ್ನೆಲೆ ಎಂದು ದತ್ತಾಂಶವನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಆ ವಿಂಗಡಣೆಗೆ ಮಾತನಾಡುವವರು ಯಾರೆಂಬುದು ಬೇಕಿಲ್ಲ: ವೈದ್ಯಾಧಿಕಾರಿಯ ಕರೆಗೂ ಪಕ್ಕದ ಕೋಣೆಯ ಹರಟೆಗೂ ಅದು ಕೊಡುವ ದಾರಿ ಒಂದೇ. ತುರ್ತು ಬಳಕೆದಾರರಿಗೆ ಮೊದಲ ದಾರಿ ಬಿಡುವ ಏರ್ಪಾಡು ವೈಫೈ 7ರಲ್ಲಿ ಬಂದಿದೆ. ಆದರೆ ಈ ಸಾಲುಗಳನ್ನು ಒಂದಕ್ಕೊಂದು ಹೊಂದಿಸಿಡುವವರು ಇಲ್ಲದಿದ್ದರೆ, 4ಜಿಯಲ್ಲಿ ಮುಂದೆ ನಿಂತ ಅಧಿಕಾರಿ ವೈಫೈಗೆ ಜಾರಿದೊಡನೆ ಸಾಲಿನ ಕೊನೆಗೆ ಬೀಳುತ್ತಾರೆ.

ಒಳಗೆ ಹೋದ ಮೇಲೂ ಒಂದು ಸಾಲು ಇದೆ. ಪ್ರತಿ ಸಂಪರ್ಕಕ್ಕೂ 1ರಿಂದ 15ರವರೆಗೆ ಒಂದು ಸ್ಥಾನ. 1 ಎಲ್ಲಕ್ಕಿಂತ ಮೇಲು. ಜಾಗ ಸಾಲದಾದಾಗ ಯಾರನ್ನು ಎಬ್ಬಿಸಬಹುದು, ಯಾರನ್ನು ಎಬ್ಬಿಸಬಾರದು ಎಂಬುದೂ ಅದರ ಜೊತೆಗೇ ನಮೂದಾಗಿರುತ್ತದೆ.

ಈಗ ಭೀಮಾ ಹೊಳೆಯ ಮಾತು. 2020ರ ಅಕ್ಟೋಬರ್ ನಿಮಗೆ ನೆನಪಿದೆ. ಅಫಜಲಪುರ, ಜೇವರ್ಗಿ, ಶಹಾಪುರದ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟು, ಇಲ್ಲಿ ಸೊನ್ನ ಬ್ಯಾರೇಜು. ನೀರು ಎಷ್ಟು ಬಿಟ್ಟರು, ಯಾವಾಗ ಬಿಟ್ಟರು ಎಂಬ ಸುದ್ದಿ ನೀರಿಗಿಂತ ಮುಂಚೆ ಓಡಬೇಕು. ಅಂಥ ದಿನ ಟವರಿಗೆ ಕರೆಂಟು ಇರುವುದಿಲ್ಲ, ಬ್ಯಾಟರಿ ಇಳಿದು ಒಂದೊಂದೇ ಟವರು ನಿಲ್ಲುತ್ತದೆ, ಉಳಿದ ಟವರಿನ ಮೇಲೆ ಹತ್ತೂರಿನ ಭಾರ ಬೀಳುತ್ತದೆ. ಸತ್ತ ಟವರಿನಲ್ಲಿ ಯಾವ ವರ್ಗದ ಸಿಮ್ ಕೂಡ ಕೆಲಸಕ್ಕೆ ಬಾರದು, ಆದ್ದರಿಂದ ಡೀಸೆಲ್ ಮೊದಲು. ಬದುಕಿರುವ ಟವರಿನಲ್ಲಿ ಯಾರ ಕರೆ ಮುಂದೆ ಹೋಗಬೇಕು ಎಂಬುದನ್ನು ಮಾತ್ರ ನಾವು ಮೊದಲೇ ಬರೆದಿಡಬಹುದು.

2005ರ ಜುಲೈ 7ರಂದು ಲಂಡನ್ನಿನಲ್ಲಿ ಬಾಂಬ್ ಸ್ಫೋಟಗಳಾದಾಗ ಆಲ್ಡ್‌ಗೇಟ್ ನಿಲ್ದಾಣದ ಸುತ್ತ ಒಂದು ಜಾಲದಲ್ಲಿ ಸಾಮಾನ್ಯ ಸಿಮ್‌ಗಳನ್ನು ಮುಚ್ಚಿದರು. ಆದರೆ ನಗರಮಟ್ಟದಲ್ಲಿ ಕಾರ್ಯಾಚರಣೆ ಸಂಯೋಜಿಸುತ್ತಿದ್ದವರು ಇದು ಬೇಡವೆಂದು ತೀರ್ಮಾನಿಸಿದ್ದರು. ಜನ ಗಾಬರಿಯಾದಾರು ಎಂಬುದು ಒಂದು ಕಾರಣ. ವಿಶೇಷ ಸಿಮ್‌ಗಳು ಸರಿಯಾದವರ ಕೈಯಲ್ಲೇ ಇವೆಯೇ ಎಂಬ ಖಾತ್ರಿ ಇರಲಿಲ್ಲ ಎಂಬುದು ಇನ್ನೊಂದು. ಈ ಎರಡನೆಯ ಕಾರಣವನ್ನು ದಯವಿಟ್ಟು ಮನಸ್ಸಿನಲ್ಲಿಡಿ.

ನಮ್ಮ ದೇಶದ 2023ರ ದೂರಸಂಪರ್ಕ ಕಾಯ್ದೆಯ 20ನೇ ಸೆಕ್ಷನ್, ಸಾರ್ವಜನಿಕ ತುರ್ತು ಸಂದರ್ಭದಲ್ಲಿ ಪರಿಹಾರ ಕಾರ್ಯಕ್ಕೆ ಅಧಿಕೃತರಾದವರ ಸಂದೇಶಗಳನ್ನು ಆದ್ಯತೆಯ ಮೇಲೆ ಸಾಗಿಸುವ ವ್ಯವಸ್ಥೆಗೆ ಅವಕಾಶ ಕೊಟ್ಟಿದೆ. ಹಾಗಾದರೆ ಆ ಅಧಿಕೃತರು ಯಾರು? ಪಟ್ಟಿ ಮಾಡಲು ಕುಳಿತವರ ಲೇಖನಿ ದೊಡ್ಡ ಹುದ್ದೆಗಳ ಮುಂದೆ ನಿಂತುಬಿಡುತ್ತದೆಂಬುದೇ ನನ್ನ ಭಯ. ನನ್ನ ಪಟ್ಟಿಯಲ್ಲಿ ಬ್ಯಾರೇಜಿನ ಗೇಟ್ ಎತ್ತುವವನು ಇದ್ದಾನೆ. ಆಂಬುಲೆನ್ಸ್ ಚಾಲಕ, ಲೈನ್‌ಮನ್, ಆಶಾ ಕಾರ್ಯಕರ್ತೆ, ಗ್ರಾಮ ಆಡಳಿತಾಧಿಕಾರಿ, ಹೊಳೆಯ ಸುಳಿ ಬಲ್ಲ ಅಂಬಿಗ ಇದ್ದಾರೆ. ಅಂಬಿಗನಿಗೆ ಸರ್ಕಾರಿ ಹುದ್ದೆಯಿಲ್ಲ. ಆದರೆ ನಡುನೀರಿನಲ್ಲಿ ಸಿಕ್ಕಿಕೊಂಡವರ ಬಳಿಗೆ ಹೋಗುವವನು ಅವನೇ. ಕರೆ ಮಾಡುವ ಅಧಿಕಾರಿಗಷ್ಟೇ ಆದ್ಯತೆ ಕೊಟ್ಟರೆ ಸಾಲದು. ಕರೆ ಸ್ವೀಕರಿಸುವವನ ಟವರಿನಲ್ಲೂ ಅದು ಉಳಿಯಬೇಕು.

ಇದನ್ನು ಪರೀಕ್ಷಿಸಲು ಪ್ರವಾಹಕ್ಕಾಗಿ ಕಾಯಬೇಕಿಲ್ಲ. ನಮ್ಮೂರಿನಲ್ಲಿ ವರ್ಷ ವರ್ಷವೂ ತೇರು ಇದೆ, ಬಂದೇನವಾಜರ ಉರುಸ್ ಇದೆ. ಮುಂದಿನ ಜಾತ್ರೆಯಲ್ಲಿ ಪಟ್ಟಿಯಲ್ಲಿರುವ ಇಪ್ಪತ್ತು ಜನ ತೇರಿನ ಸುತ್ತ ನಿಂತು ಪರಸ್ಪರ ಕರೆ ಮಾಡಲಿ: ಒಮ್ಮೆ 4ಜಿಯಲ್ಲಿ, ಒಮ್ಮೆ 2ಜಿಗೆ ಇಳಿಸಿ, ಒಮ್ಮೆ ವೈಫೈಯಲ್ಲಿ. ಯಾವ ಕರೆ ಎಲ್ಲಿ ಬಿದ್ದಿತು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಆ ಹಾಳೆಯನ್ನು ಜಿಲ್ಲಾಧಿಕಾರಿ ಕಚೇರಿಗೆ ಕೊಂಡೊಯ್ಯಲು ನಾನು ಜೊತೆಗೆ ಬರುತ್ತೇನೆ.