ಮೊಲದ ಗೂಡಿನ ಹತ್ತಿರ ಇಲಿ ಬಂದರೆ ಏನು ಮಾಡಬೇಕು?

ಗೂಡಿನ ಕೆಳಗಿನ ಹಲಗೆ ನೋಡಿ. ಕಪ್ಪಗೆ, ಉದ್ದುದ್ದ ಬಿದ್ದಿದೆಯಲ್ಲ, ಅದು ಇಲಿ ಹಿಕ್ಕೆ. ಪಕ್ಕದಲ್ಲಿ ಗುಂಡಗಿರೋದು ನಮ್ಮ ಮೊಲ ಚಿನ್ನಿದು. ಮೊಲದ ಹಿಕ್ಕೆ ಒಡೆದು ನೋಡಿದರೆ ಒಳಗೆ ಬರೀ ಹುಲ್ಲಿನ ಪುಡಿ ಇರುತ್ತದೆ. ಹಾಗಾಗಿ ರಾತ್ರಿ ಇಲ್ಲಿ ಯಾರು ಬಂದು ಹೋಗಿದ್ದಾರೆ ಅಂತ ಬೆಳಗ್ಗೆ ಕಸ ತೆಗೆಯುವಾಗಲೇ ಗೊತ್ತಾಗಿಬಿಡುತ್ತದೆ.

ನಮ್ಮದು ದಾವಣಗೆರೆ. ಮನೆ ಇರೋದು ಮಂಡಕ್ಕಿ ಭಟ್ಟಿಗಳ ಕಡೆ. ಭತ್ತದ ಮೂಟೆ, ಅಕ್ಕಿ, ಹೊಟ್ಟು ಎಲ್ಲಾ ಕೈಗೆಟುಕುವಷ್ಟು ದೂರದಲ್ಲೇ. ಊರಾಚೆ ಹೋದರೆ ಭದ್ರಾ ನೀರಿನ ಗದ್ದೆಗಳು, ಮೆಕ್ಕೆಜೋಳದ ಗೋದಾಮುಗಳು. ಇಲಿ, ಹೆಗ್ಗಣ ಇಲ್ಲದ ಬೀದಿ ಇಲ್ಲಿ ಹುಡುಕಬೇಕು. ಹಾಗಂತ ಮೊಲ ಸಾಕಬಾರದಾ? ಖಂಡಿತ ಸಾಕಬಹುದು. ಆದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅನ್ನೋದು ಗೊತ್ತಿರಬೇಕು.

ಆರೋಗ್ಯವಾಗಿರೋ ದೊಡ್ಡ ಮೊಲದ ಮೇಲೆ ಇಲಿ ಬೀಳುವುದು ಕಡಿಮೆ. ಅದು ಬರೋದು ಪೆಲೆಟ್, ಅಂದ್ರೆ ಮೊಲದ ಆಹಾರದ ಗುಳಿಗೆ ತಿನ್ನೋದಕ್ಕೆ. ತಿನ್ನುತ್ತಾ ಅಲ್ಲೇ ಉಚ್ಚೆ ಹೊಯ್ಯುತ್ತದೆ, ಹಿಕ್ಕೆ ಹಾಕುತ್ತದೆ. ರೋಗ ಅಂಟುವ ದಾರಿ ಮುಖ್ಯವಾಗಿ ಅದೇ. ಹಿಕ್ಕೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮೂತ್ರದಲ್ಲಿ ಲೆಪ್ಟೋಸ್ಪೈರಾ ಇರಬಹುದು. ನಾವು ಇಲಿ ಜ್ವರ ಅನ್ನುತ್ತೇವಲ್ಲ, ಅದು ಬರೋದು ಇದರಿಂದಲೇ. ಒದ್ದೆ ಮಣ್ಣಲ್ಲಿ, ನಿಂತ ನೀರಲ್ಲಿ ಈ ಬ್ಯಾಕ್ಟೀರಿಯಾ ವಾರಗಟ್ಟಲೆ ಬದುಕುತ್ತದೆ. ಒಣ ಜಾಗದಲ್ಲಿ, ಬಿಸಿಲಲ್ಲಿ ಸಾಯುತ್ತದೆ. ಮೊಲಕ್ಕೆ ಇದು ತಗುಲಿದರೂ ಎಷ್ಟೋ ಸಲ ಹೊರಗೆ ಏನೂ ಕಾಣಿಸುವುದಿಲ್ಲ. ಗೂಡು ತೊಳೆಯುವ ನಮಗೇ ಅಪಾಯ ಜಾಸ್ತಿ. ಕೈಯಲ್ಲಿ ಗಾಯ ಇದ್ದರಂತೂ ಗ್ಲೌಸ್ ಇಲ್ಲದೆ ಗೂಡು ಮುಟ್ಟಲೇಬೇಡಿ. ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಿ ಧೂಳು ಎಬ್ಬಿಸಬೇಡಿ. ಮೊದಲು ಬ್ಲೀಚಿಂಗ್ ಪೌಡರ್ ನೀರು ಚಿಮುಕಿಸಿ, ನೆನೆದ ಮೇಲೆ ತೆಗೆಯಿರಿ. ಆಗ ಮೊಲ ಬೇರೆ ಕೋಣೆಯಲ್ಲಿರಲಿ. ಮಳೆಗಾಲದಲ್ಲಿ ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪು ಅಂತಾದರೆ ಡಾಕ್ಟರಿಗೆ "ಮನೆ ಹತ್ತಿರ ಇಲಿ ಇವೆ" ಅಂತ ಹೇಳಿ. ಆ ಒಂದು ಮಾತು ಬಹಳ ಉಪಯೋಗಕ್ಕೆ ಬರುತ್ತದೆ.

ಇಲಿ ಕಚ್ಚಿದರೆ ರೇಬೀಸ್ ಬರುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಇಲಿಯಿಂದ ರೇಬೀಸ್ ಬರೋದು ಬಹಳ ಬಹಳ ಅಪರೂಪ. ಮೊಲಕ್ಕೆ ಕಷ್ಟ ಕೊಡುವುದು ಕಚ್ಚಿದ ಜಾಗದಲ್ಲಿ ಕಟ್ಟುವ ಕೀವು. ಮೊಲದ ಕೀವು ನಮ್ಮದರ ಹಾಗೆ ಸೋರುವುದಿಲ್ಲ, ಗಿಣ್ಣಿನ ಹಾಗೆ ಗಟ್ಟಿಯಾಗಿ ಒಳಗೇ ಕೂರುತ್ತದೆ. ಸಾಮಾನ್ಯವಾಗಿ ವೈದ್ಯರೇ ಕೊಯ್ದು ತೆಗೆಯಬೇಕಾಗುತ್ತದೆ. ಮನೆಯಲ್ಲಿ ಉಳಿದ ಮಾತ್ರೆ ಪುಡಿ ಮಾಡಿ ಮಾತ್ರ ಕೊಡಬೇಡಿ. ನಾವು ತಿನ್ನುವ ಅಮಾಕ್ಸಿಸಿಲಿನ್ ಮೊಲದ ಹೊಟ್ಟೆಗೆ ಹೋದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮೊಲವೇ ಸಾಯಬಹುದು. ಇಲಿಯಿಂದ ಚಿಗಟ ಹತ್ತಿದೆ ಅಂತ ನಾಯಿಗೆ ಹಾಕುವ ಫಿಪ್ರೋನಿಲ್ ಔಷಧಿ ಕೂಡ ಹಾಕಬೇಡಿ, ಅದು ಮೊಲಕ್ಕೆ ವಿಷ.

ಮರಿಗಳ ವಿಷಯವೇ ಬೇರೆ. ಹುಟ್ಟಿದ ಮರಿಗೆ ಕೂದಲಿರಲ್ಲ, ಕಣ್ಣು ಬಿಡೋಕೆ ಹತ್ತು ದಿನ ಬೇಕು. ತಾಯಿ ಮೊಲ ದಿನಕ್ಕೆ ಒಂದೋ ಎರಡೋ ಸಲ ಹಾಲು ಕೊಟ್ಟು ದೂರ ಹೋಗಿಬಿಡುತ್ತದೆ. ಇಲಿಗೆ ಅಷ್ಟೇ ಸಾಕು, ಮರಿಗಳನ್ನು ಎತ್ತಿಕೊಂಡು ಹೋಗುತ್ತದೆ. ಮರಿ ಇರುವಾಗ ಗೂಡನ್ನು ರಾತ್ರಿ ಮನೆಯೊಳಗೇ ಇಟ್ಟುಕೊಳ್ಳಿ.

ಈಗ ನಾನು ಎಲ್ಲಕ್ಕಿಂತ ಜಾಸ್ತಿ ಹೆದರುವ ವಿಷಯಕ್ಕೆ ಬರುತ್ತೇನೆ. ಇಲಿ ಪಾಷಾಣ. ಮೊನ್ನೆ ನಮ್ಮ ಭಾವ ಒಳ್ಳೆ ಮನಸ್ಸಿಂದಲೇ ಗೊಬ್ಬರದಂಗಡಿಯಿಂದ ಒಂದು ಪೊಟ್ಟಣ ತಂದಿದ್ದರು. "ಮೂಲೇಲಿ ಇಡಮ್ಮ, ಎರಡೇ ದಿನದಲ್ಲಿ ಇಲಿ ಖಾಲಿ" ಅಂದರು. "ಬೇಡ ಭಾವ, ಇದನ್ನ ಅಂಗಡಿಗೇ ವಾಪಸ್ ಕೊಟ್ಟುಬಿಡಿ" ಅಂದೆ. ಯಾಕೆ ಗೊತ್ತಾ? ಪಾಷಾಣ ಕಲಸುವುದು ಕಾಳು, ಹಿಟ್ಟಿನಲ್ಲಿ. ಅದು ಮೊಲಕ್ಕೂ ಇಷ್ಟ. ಮೊಲಕ್ಕೆ ವಾಂತಿ ಮಾಡೋಕೆ ಬರಲ್ಲ, ತಿಂದದ್ದು ಒಳಗೇ ಉಳಿಯುತ್ತದೆ. ಜಿಂಕ್ ಫಾಸ್ಫೈಡ್ ಆದರೆ ಹೊಟ್ಟೆಯಲ್ಲೇ ವಿಷಗಾಳಿಯಾಗುತ್ತದೆ. ಬ್ರೊಮಾಡಿಯೋಲೋನ್ ಕೇಕ್ ಆದರೆ ಮೊದಲು ಏನೂ ಗೊತ್ತಾಗಲ್ಲ, ಕೆಲವು ದಿನ ಬಿಟ್ಟು ಒಳಗೊಳಗೇ ರಕ್ತ ಸೋರುತ್ತದೆ. ಇದಕ್ಕೆ ವಿಟಮಿನ್ ಕೆ1 ಚಿಕಿತ್ಸೆ ಇದೆ. ಹಾಗಾಗಿ ತಿಂದಿರಬಹುದು ಅನ್ನೋ ಅನುಮಾನ ಬಂದರೂ ಸಾಕು, ಆ ಕವರ್ ಸಮೇತ ಪಶು ಆಸ್ಪತ್ರೆಗೆ ಓಡಿ. ಇಲಿ ಈ ಕೇಕ್ ಚೂರನ್ನು ಕಚ್ಚಿಕೊಂಡು ಬಂದು ಬೇರೆ ಕಡೆ ಬಚ್ಚಿಡುವುದೂ ಉಂಟು. ಅದಕ್ಕೇ ಅಕ್ಕಪಕ್ಕದ ಮನೆಯವರಿಗೂ "ಮೊಲ ಇದೆ ಕಣ್ರೀ, ಪಾಷಾಣ ಇಡುವ ಮುಂಚೆ ಒಂದು ಮಾತು ಹೇಳಿ" ಅಂತ ಕೇಳಿಕೊಂಡಿದ್ದೇನೆ.

ಹಾಗಾದರೆ ಮಾಡೋದೇನು? ರಾತ್ರಿ ಪೆಲೆಟ್ ಬಟ್ಟಲು ಗೂಡಲ್ಲಿ ಬಿಡಬೇಡಿ. ಚೀಲವನ್ನು ತಗಡಿನ ಡಬ್ಬಿಗೆ ಸುರಿದಿಡಿ. ಹುಲ್ಲು ಮಾತ್ರ ಯಾವಾಗಲೂ ಇರಲೇಬೇಕು, ಮೊಲದ ಕರುಳು ನಡೆಯೋದೇ ಅದರಿಂದ. ನೀರನ್ನು ಬಟ್ಟಲಲ್ಲಿ ಇಟ್ಟರೆ ಬೆಳಗ್ಗೆ ಚೆಲ್ಲಿ ಹೊಸದು ಹಾಕಿ. ಕೋಳಿ ಜಾಲರಿ ಇಲಿ ಹಲ್ಲಿಗೆ ತಡೆಯಲ್ಲ, ಅರ್ಧ ಇಂಚು ಕಣ್ಣಿನ, ದಪ್ಪ ತಂತಿಯ ವೆಲ್ಡ್ ಮೆಶ್ ಹಾಕಿಸಿ. ಹೆದರಿಕೊಂಡು ಗೂಡಿನ ಸುತ್ತ ತಗಡು ಮಾತ್ರ ಹೊಡೆಸಬೇಡಿ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಇಲಿಗಿಂತ ಮೊದಲು ಆ ಸೆಕೆಯೇ ಮೊಲವನ್ನು ಕೊಲ್ಲುತ್ತದೆ.

ಇಲಿ ಹಿಡಿಯೋಕೆ ಬೋನು ಇಡಿ, ಗೋಡೆಗೆ ಒತ್ತಿ. ಇಲಿ ಓಡುವುದು ಗೋಡೆ ಅಂಚಲ್ಲೇ. ಹೊಸ ವಸ್ತು ಕಂಡರೆ ಅದಕ್ಕೆ ಅನುಮಾನ, ಅದಕ್ಕೇ ಮೊದಲು ಕೆಲವು ರಾತ್ರಿ ಬಾಗಿಲು ಬೀಳದ ಹಾಗೆ ಕಟ್ಟಿ, ತಿಂಡಿ ಇಟ್ಟು ಸುಮ್ನೆ ಬಿಡಿ. ಧೈರ್ಯ ಬಂದು ತಿಂದು ಹೋಗಲಿ, ಆಮೇಲೆ ದಾರ ಬಿಚ್ಚಿ. ತಿಂಡಿಗೆ ಸುಟ್ಟ ಕೊಬ್ಬರಿ ಚೂರು ಸಾಕು. ಇಲ್ಲಾಂದ್ರೆ ಮಂಡಕ್ಕಿ ಜೊತೆ ತಂದ ಮೆಣಸಿನಕಾಯಿ ಬಜ್ಜಿಯ ಒಂದು ತುಂಡಾದರೂ ಆಗುತ್ತದೆ.