ಪೆನ್ಸಿಲ್ಲು ಯಾರ ಕೈಯಲ್ಲಿದೆ?

ನಮಸ್ಕಾರ. ಕೆಲವು ವರ್ಷಗಳ ಹಿಂದೆ ನಮ್ಮ ಹವ್ಯಾಸಿ ತಂಡ ಒಂದು ನಾಟಕಕ್ಕೆ ಧನಸಹಾಯ ಕೋರಿ ಅರ್ಜಿ ಹಾಕಿತು. ಅರ್ಜಿಯೊಂದಿಗೆ ನಾಟಕದ ಮೂರು ಪ್ರತಿಗಳನ್ನು ಲಗತ್ತಿಸಬೇಕಿತ್ತು. ಹಿಂದಿನ ರಾತ್ರಿ, ಜೆರಾಕ್ಸ್ ಅಂಗಡಿಗೆ ಹೊರಡುವ ಮುನ್ನ, ನಿರ್ದೇಶಕರು ಎರಡನೆಯ ಅಂಕದ ಒಂದು ಪುಟವನ್ನು ತೆಗೆದು, ಜಾತ್ರೆಯ ಅಂಗಡಿಗಳ ಹರಾಜಿನ ಬಗ್ಗೆ ಊರ ಗೌಡ ಆಡುವ ಐದಾರು ಮಾತುಗಳ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ‘ಪೆನ್ಸಿಲ್ಲು ತಾನೆ, ಹಣ ಬಂದ ಮೇಲೆ ಅಳಿಸಿದರಾಯಿತು’ ಎಂದರು. ಹಣ ಬಂತು, ಪ್ರದರ್ಶನವೂ ಆಯಿತು. ಆ ಮಾತುಗಳು ಮಾತ್ರ ರಂಗದ ಮೇಲೆ ಬರಲೇ ಇಲ್ಲ. ಅಷ್ಟರಲ್ಲಿ ಅವಿಲ್ಲದ ಪಾಠವೇ ನಟನಿಗೆ ಬಾಯಿಗೆ ಬಂದುಬಿಟ್ಟಿತ್ತು. ಆ ತಂಡದಲ್ಲಿ ಬೆಳಕಿನ ಕೆಲಸ ನನ್ನದು. ಗೆರೆ ಎಳೆಯುವಾಗ ನಾನು ಪಕ್ಕದಲ್ಲೇ ಇದ್ದೆ, ತುಟಿ ಬಿಚ್ಚಲಿಲ್ಲ.

ಅಂದು ನಮ್ಮ ಸ್ವಾತಂತ್ರ್ಯಕ್ಕೆ ಏನಾದರೂ ಕುಂದು ಬಂತೇ? ಇಪ್ಪತ್ತನೆಯ ಶತಮಾನದ ರಾಜಕೀಯ ಚಿಂತನೆಯಲ್ಲಿ ಎಲ್ಲರೂ ಹಿಂತಿರುಗಿ ನೋಡುವ ಉತ್ತರವೊಂದನ್ನು ತತ್ತ್ವಚಿಂತಕ ಐಸಯಾ ಬರ್ಲಿನ್ 1958ರ ಅಕ್ಟೋಬರ್ 31ರಂದು ಆಕ್ಸ್‌ಫರ್ಡಿನ ಉಪನ್ಯಾಸದಲ್ಲಿ ಕೊಟ್ಟರು. ನಾನು ಮಾಡಬಹುದಾದದ್ದನ್ನು ಮಾಡದಂತೆ ಇತರರು ಅಡ್ಡಗಟ್ಟದೆ ಇರುವುದು ಸ್ವಾತಂತ್ರ್ಯದ ಒಂದು ಅರ್ಥ. ನನ್ನ ಬದುಕಿಗೆ ನಾನೇ ಒಡೆಯನಾಗುವುದು ಇನ್ನೊಂದು. ಎರಡನೆಯ ಅರ್ಥದ ಬೆನ್ನು ಹತ್ತಿದ ಪ್ರಭುತ್ವಗಳು ‘ನಿನ್ನ ನಿಜವಾದ ಹಿತ ಏನೆಂಬುದು ನಿನಗಿಂತ ನಮಗೇ ಚೆನ್ನಾಗಿ ಗೊತ್ತು’ ಎಂದು ಜನರ ಹೆಗಲೇರಿ ಕೂರುತ್ತವೆ ಎಂಬ ಭಯ ಬರ್ಲಿನ್ನರದು. ಶೀತಲ ಸಮರದ ಆ ದಿನಗಳಲ್ಲಿ ಅದು ಕಾರಣವಿಲ್ಲದ ಭಯವಾಗಿರಲಿಲ್ಲ. ಅವರ ಮೊದಲನೆಯ ಅರ್ಥದಿಂದ ಅಳೆದರೆ ನಮ್ಮ ನಿರ್ದೇಶಕರು ಸಂಪೂರ್ಣ ಸ್ವತಂತ್ರರು. ನನಗೆ ಒಪ್ಪಿಗೆಯಾಗದಿರುವುದು ಇಲ್ಲಿಯೇ.

ಆ ಉಪನ್ಯಾಸ ನಡೆದಾಗ ಇಂಗ್ಲೆಂಡಿನಲ್ಲಿ ಕಲೆಯನ್ನು ಅಡ್ಡಗಟ್ಟುವ ಕೈ ಎಲ್ಲರ ಕಣ್ಣಿಗೂ ಕಾಣುವಂತಿತ್ತು. 1737ರ ಕಾಯ್ದೆಯಿಂದ ಹಿಡಿದು 1968ರವರೆಗೆ ಅಲ್ಲಿ ಹೊಸ ನಾಟಕವನ್ನು ಸಾರ್ವಜನಿಕವಾಗಿ ಆಡಬೇಕಾದರೆ ಅರಮನೆಯ ಅಧಿಕಾರಿಯಾದ ಲಾರ್ಡ್ ಚೇಂಬರ್ಲೇನನ ಪರವಾನಗಿ ಬೇಕಿತ್ತು. ಒಪ್ಪದ ಮಾತುಗಳನ್ನು ಹೊಡೆದುಹಾಕುವ ಅವನ ಕಚೇರಿಯ ನೀಲಿ ಪೆನ್ಸಿಲ್ಲು ರಂಗಭೂಮಿಯವರಿಗೆಲ್ಲ ಚಿರಪರಿಚಿತ. ಅದೇ ದೇಶದಲ್ಲಿ 1946ರಲ್ಲಿ, ಕಲೆಗೆ ಸರ್ಕಾರದ ಹಣ ಹಂಚುವ ಆರ್ಟ್ಸ್ ಕೌನ್ಸಿಲ್ ಹುಟ್ಟಿತು. ಅದರ ಹಿಂದಿದ್ದ ಅರ್ಥಶಾಸ್ತ್ರಜ್ಞ ಕೇನ್ಸ್, ಕಲಾವಿದನಿಗೆ ದಿಕ್ಕು ತೋರಿಸಲು ಹೋಗದೆ ಹಣ ಕೊಡಬೇಕೆಂದು ವಾದಿಸಿದ್ದರು. ಇದರಿಂದ ಆದ ತಮಾಷೆ ನೋಡಿ: 1965ರಲ್ಲಿ ಎಡ್ವರ್ಡ್ ಬಾಂಡರ ‘ಸೇವ್ಡ್’ ನಾಟಕವನ್ನಾಡಿದ ರಾಯಲ್ ಕೋರ್ಟ್ ರಂಗತಂಡ ಕೌನ್ಸಿಲ್ಲಿನಿಂದ ಅನುದಾನ ಪಡೆಯುತ್ತಿತ್ತು, ಅದೇ ನಾಟಕಕ್ಕಾಗಿ ನ್ಯಾಯಾಲಯದ ಕಟಕಟೆಯನ್ನೂ ಹತ್ತಿತು. ಆದರೂ ನೀಲಿ ಪೆನ್ಸಿಲ್ಲಿಗೆ ಒಂದು ಗುಣವಿತ್ತು. ಅದು ಯಾರದೆಂದು ಗೊತ್ತಿತ್ತು, ಹಾಗಾಗಿ ಅದರ ವಿರುದ್ಧ ಹೋರಾಡಿ ಕಿತ್ತೆಸೆಯಲು ಸಾಧ್ಯವಾಯಿತು.

ಅಮೆರಿಕದಲ್ಲಿ ನಡೆದದ್ದು ನಮ್ಮ ಜೆರಾಕ್ಸ್ ಅಂಗಡಿಯ ಕಥೆಗೆ ಇನ್ನೂ ಹತ್ತಿರ. ಅಲ್ಲಿನ ರಾಷ್ಟ್ರೀಯ ಕಲಾ ದತ್ತಿ ಸಂಸ್ಥೆ 1965ರಲ್ಲಿ ಸ್ಥಾಪನೆಯಾಯಿತು. 1990ರಲ್ಲಿ, ತಜ್ಞರ ಸಮಿತಿ ಶಿಫಾರಸು ಮಾಡಿದ್ದರೂ, ಕರೆನ್ ಫಿನ್ಲೆ ಸೇರಿದಂತೆ ನಾಲ್ವರು ಕಲಾವಿದರಿಗೆ ಅದರ ಅಧ್ಯಕ್ಷರು ಅನುದಾನ ನಿರಾಕರಿಸಿದರು. ಅದೇ ವರ್ಷ, ಅನುದಾನ ಕೊಡುವಾಗ ಸಭ್ಯತೆಯ ಸಾಮಾನ್ಯ ಮಟ್ಟವನ್ನೂ ಅಮೆರಿಕನ್ ಜನರ ವೈವಿಧ್ಯಮಯ ನಂಬಿಕೆಗಳ ಮೇಲಿನ ಗೌರವವನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂಬ ಮಾತನ್ನು ಸಂಸತ್ತು ಕಾನೂನಿಗೆ ಸೇರಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟ್ ತಲುಪಿ, 1998ರಲ್ಲಿ ಎಂಟು ನ್ಯಾಯಮೂರ್ತಿಗಳು ಆ ಷರತ್ತನ್ನು ಎತ್ತಿಹಿಡಿದರು, ಸೌಟರ್ ಒಬ್ಬರೇ ಭಿನ್ನಮತ ಬರೆದರು. ಅದು ‘ಗಣನೆಗೆ ತೆಗೆದುಕೊಳ್ಳಿ’ ಎಂಬ ಸಲಹೆಯಷ್ಟೇ, ನಿಷೇಧವಲ್ಲ ಎಂಬುದು ಬಹುಮತದ ತೀರ್ಪಿನ ತಿರುಳು. ನ್ಯಾಯಮೂರ್ತಿ ಸ್ಕಾಲಿಯಾ ಇನ್ನೂ ಮುಂದೆ ಹೋಗಿ, ಕಲಾವಿದರು ಸಭ್ಯಸ್ಥರನ್ನು ಬೆಚ್ಚಿಬೀಳಿಸಲು ಈಗಲೂ ಸ್ವತಂತ್ರರು, ಅದರ ಖರ್ಚನ್ನು ಆ ಸಭ್ಯಸ್ಥರ ತೆರಿಗೆಯಿಂದಲೇ ವಸೂಲು ಮಾಡುವ ಹೆಚ್ಚುವರಿ ಖುಷಿಯೊಂದು ಅವರಿಗೆ ತಪ್ಪಿದೆ ಎಂದು ಚುಚ್ಚಿದರು. ಚುಚ್ಚುಮಾತು ಚೆನ್ನಾಗಿದೆ, ನನಗೂ ನಗು ಬಂತು. ಆದರೆ ಆ ಸಲಹೆಯನ್ನು ಮುಂದಿನ ಅರ್ಜಿದಾರ ಹೇಗೆ ಓದಿಕೊಳ್ಳುತ್ತಾನೆ ಎಂಬ ಪ್ರಶ್ನೆಯನ್ನು ಅದು ಮುಟ್ಟುವುದೇ ಇಲ್ಲ. ಅದೂ ಅಲ್ಲದೆ, ತೀರ್ಪು ಬರುವ ಮೊದಲೇ ಆ ಸಂಸ್ಥೆ ಹೆಚ್ಚಿನ ಪ್ರಕಾರಗಳಲ್ಲಿ ಬಿಡಿ ಕಲಾವಿದರಿಗೆ ಅನುದಾನ ಕೊಡುವುದನ್ನೇ ನಿಲ್ಲಿಸಿಬಿಟ್ಟಿತ್ತು.

ಹಾಗಾದರೆ ಸರ್ಕಾರದ ಹಣವೇ ಬೇಡವೇ? ಅಮೆರಿಕದ ತತ್ತ್ವಚಿಂತಕ ಜಾನ್ ರಾಲ್ಸ್ 1971ರ ತಮ್ಮ ನ್ಯಾಯ ಸಿದ್ಧಾಂತದಲ್ಲಿ ಹೆಚ್ಚುಕಡಿಮೆ ಹಾಗೆಯೇ ಹೇಳಿದ್ದರು: ಒಪೆರಾ, ರಂಗಭೂಮಿಗಳು ತಮ್ಮಷ್ಟಕ್ಕೆ ಶ್ರೇಷ್ಠ ಎಂಬ ಕಾರಣಕ್ಕೆ, ಅವು ಬೇಡವೆನ್ನುವವನ ತೆರಿಗೆಯಿಂದ ಅವನ್ನು ಪೋಷಿಸುವುದು ನ್ಯಾಯವಲ್ಲ. ಕಾನೂನು ಚಿಂತಕ ರೊನಾಲ್ಡ್ ಡ್ವರ್ಕಿನ್ 1985ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬೇರೆ ದಾರಿ ಹಿಡಿದರು. ಸಂಸ್ಕೃತಿ ಎಂದರೆ ಅಂಗಡಿಯ ಸರಕಲ್ಲ, ಅದು ಭಾಷೆಯಿದ್ದ ಹಾಗೆ. ಅದರೊಳಗೇ ನಿಂತು ನಾವು ಬೇಕು ಬೇಡಗಳನ್ನು ಕಲಿಯುತ್ತೇವೆ. ಆದ್ದರಿಂದ ಸರ್ಕಾರ ಇಂಥ ಕೃತಿ ಶ್ರೇಷ್ಠ ಎಂದು ಆರಿಸುವ ಬದಲು, ಸಂಸ್ಕೃತಿಯೆಂಬ ಆ ರಚನೆಯ ಸಮೃದ್ಧಿಯನ್ನು ಮುಂದಿನ ತಲೆಮಾರಿಗೆ ದಾಟಿಸಲು ಖರ್ಚು ಮಾಡಲಿ ಎಂಬುದು ಅವರ ವಾದ. ಯಕ್ಷಗಾನದ ಮೇಳವನ್ನೋ ದೊಡ್ಡಾಟವನ್ನೋ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ತಲೆಮಾರು ಕಲಿಯದಿದ್ದರೆ, ಅದು ತನಗೆ ಬೇಕಿತ್ತೇ ಬೇಡವಿತ್ತೇ ಎಂದು ಹೇಳಲು ಮುಂದಿನವರಿಗೆ ಅವಕಾಶವೇ ಉಳಿಯುವುದಿಲ್ಲ. ನಾನು ಡ್ವರ್ಕಿನ್ ಪಕ್ಷ. ಆದರೆ ಅರ್ಜಿಗಳ ಕಟ್ಟು ಮೇಜಿಗೆ ಬಂದಾಗ ‘ರಚನೆ’ ತಾನಾಗಿ ಬಂದು ಆರಿಸುವುದಿಲ್ಲ, ನಾಲ್ಕೈದು ಜನ ಆರಿಸುತ್ತಾರೆ. ಅವರನ್ನು ಅಲ್ಲಿ ಕೂರಿಸಿದವರು ಯಾರು, ಎಬ್ಬಿಸಬಲ್ಲವರು ಯಾರು ಎಂಬುದನ್ನು ಡ್ವರ್ಕಿನ್ ವಿವರಿಸಿ ಹೇಳಲಿಲ್ಲ.

ಇದನ್ನು ನೆಹರೂ ಬಲ್ಲವರಾಗಿದ್ದರು. 1954ರಲ್ಲಿ ಸಾಹಿತ್ಯ ಅಕಾಡೆಮಿ ಆರಂಭವಾದಾಗ ಅದರ ಅಧ್ಯಕ್ಷರೂ ಅವರೇ, ಪ್ರಧಾನಿಯೂ ಅವರೇ. ಅಕಾಡೆಮಿಯ ಅಧ್ಯಕ್ಷನಾಗಿ ಹೇಳುವುದಾದರೆ, ನನ್ನ ಕೆಲಸದಲ್ಲಿ ಪ್ರಧಾನಮಂತ್ರಿ ಮೂಗು ತೂರಿಸುವುದು ನನಗಿಷ್ಟವಿಲ್ಲ ಎಂಬರ್ಥದ ಮಾತನ್ನು ಅವರು ಆಡಿದ್ದರು. ಒಬ್ಬ ಮನುಷ್ಯನ ಸೌಜನ್ಯದ ಮೇಲೆ ನಿಂತ ಗೋಡೆ ಅದು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಎಂ. ಎಂ. ಕಲಬುರ್ಗಿಯವರ ಹತ್ಯೆಯಾಯಿತು. ಅವರಿಗೆ ಪ್ರಶಸ್ತಿ ಕೊಟ್ಟಿದ್ದ ಅದೇ ಅಕಾಡೆಮಿಯ ಖಂಡನಾ ನಿರ್ಣಯ ಹೊರಬಂದದ್ದು ಅಕ್ಟೋಬರ್ 23ರಂದು, ಹಲವು ಲೇಖಕರು ಪ್ರಶಸ್ತಿ ಹಿಂದಿರುಗಿಸಿದ ಮೇಲೆ. ನಾಟಕಕಾರ ಶ್ರೀರಂಗರ ಮಗಳು, ಕಾದಂಬರಿಕಾರ್ತಿ ಶಶಿ ದೇಶಪಾಂಡೆ, ಅಷ್ಟರಲ್ಲಿ ಆ ಮೌನಕ್ಕೆ ಬೇಸತ್ತು ಅಕಾಡೆಮಿಯ ಮಹಾಸಭೆಯ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟಿದ್ದರು. ಮೌನವಾಗಿರಿ ಎಂಬ ಯಾವ ಆದೇಶವನ್ನೂ ಯಾರೂ ತೋರಿಸಲಿಲ್ಲ. ನಮ್ಮ ನಿರ್ದೇಶಕರಿಗೂ ಯಾರೂ ಆದೇಶ ಕೊಟ್ಟಿರಲಿಲ್ಲ.

ಅನ್ನ ಹಾಕಿದವನನ್ನು ಮೀರಿ ಬರೆಯುವುದು ಸಾಧ್ಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅರಿಕೇಸರಿಯ ಆಸ್ಥಾನದಲ್ಲಿದ್ದು, ಅವನನ್ನೇ ಅರ್ಜುನನಾಗಿಸಿ ಭಾರತ ಬರೆದ ಪಂಪ, ಕೊನೆಗೆ ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆ ಎಂದ. ಅಂಥ ಎದೆಗಾರಿಕೆ ಸಾವಿರ ವರ್ಷಕ್ಕೊಬ್ಬನಿಗೆ ಇರಬಹುದು. ಅದನ್ನು ನಂಬಿ ಅನುದಾನದ ನಿಯಮ ಬರೆಯಲಾಗದು.

ನಮ್ಮ ರಾಜ್ಯದಲ್ಲಿ ಪಕ್ಷ ಯಾವುದೇ ಇರಲಿ, ಸರ್ಕಾರ ಬದಲಾದೊಡನೆ ಅಕಾಡೆಮಿಗಳ ಅಧ್ಯಕ್ಷರು, ಸದಸ್ಯರು ಅವಧಿಗೆ ಮುನ್ನವೇ ಮನೆಗೆ ಹೋಗುತ್ತಾರೆ, ಹೊಸಬರು ಬರುತ್ತಾರೆ. ನಾವು ಇದನ್ನು ವರ್ಗಾವಣೆಯ ಸುದ್ದಿಯಂತೆ ಓದಿ ಪತ್ರಿಕೆ ಮಡಚುತ್ತೇವೆ. ಒಂದು ಚುನಾವಣೆಯನ್ನಾದರೂ ದಾಟುವ, ಯಾವ ಸಂಪುಟವೂ ಮೊಟಕುಗೊಳಿಸಲಾಗದ ಅವಧಿಯನ್ನು ಕಾಯ್ದೆಯಲ್ಲೇ ಬರೆಯಲಿ. ತಿರಸ್ಕೃತವಾದ ಪ್ರತಿ ಅರ್ಜಿಗೂ ಸದಸ್ಯರ ಸಹಿಯಿರುವ ಒಂದು ಪುಟದ ಕಾರಣ ಕೊಡಲಿ. ಜೆರಾಕ್ಸ್ ಅಂಗಡಿಯ ಮುಂದೆ ನಿಂತ ನಿರ್ದೇಶಕನ ಕೈಯಿಂದ ಪೆನ್ಸಿಲ್ಲು ಇದರಿಂದ ಬಿದ್ದುಹೋಗುತ್ತದೆ ಎಂಬ ಭ್ರಮೆ ನನಗಿಲ್ಲ. ಗೆರೆ ಎಳೆಯಲೇಬೇಕಿದ್ದರೆ ಅದನ್ನು ಸಮಿತಿಯವರೇ ಎಳೆಯಲಿ, ಕೆಳಗೆ ಹೆಸರು ಬರೆಯಲಿ.