ಕಾಲು ಕೆಳಗಿಡಬೇಡಿ: ಎರಡು ಚಕ್ರದಿಂದ ಮೂರು ಚಕ್ರಕ್ಕೆ

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲ ಬಳಿ ನಿಂತಿರುವ ಟ್ರೈಕನ್ನು, ಅಂದರೆ ಮೂರು ಚಕ್ರದ ಮೋಟಾರ್ ಬೈಕನ್ನು, ನೀವೆಲ್ಲ ನೋಡಿದ್ದೀರಿ. ನಿಮ್ಮಲ್ಲೊಬ್ಬರು ಬಗ್ಗಿ ಅದರ ಸೈಡ್ ಸ್ಟ್ಯಾಂಡ್ ಹುಡುಕುತ್ತಿದ್ದರು. ಅದಕ್ಕೆ ಸ್ಟ್ಯಾಂಡ್ ಇಲ್ಲ, ಕಾರಿಗಿರುವಂತೆ ಪಾರ್ಕಿಂಗ್ ಬ್ರೇಕ್ ಇದೆ. ನಗಬೇಡಿ, ಮೊದಲ ಒಂದು ತಿಂಗಳು ಗಾಡಿ ನಿಲ್ಲಿಸಿದ ಕೂಡಲೇ ನಾನೂ ಎಡಗಾಲಿನಿಂದ ಇಲ್ಲದ ಸ್ಟ್ಯಾಂಡನ್ನು ಒದೆಯುತ್ತಿದ್ದೆ. ಗಾಳಿಗೆ ಒದ್ದು ಒದ್ದು ಕಾಲಿಗೆ ಬುದ್ಧಿ ಬಂತು. ಕೈಗೆ ಬುದ್ಧಿ ಬರಲು ಇನ್ನೂ ಹೆಚ್ಚು ದಿನ ಹಿಡಿಯಿತು. ಇಂದಿನ ನನ್ನ ಮಾತೆಲ್ಲ ಆ ಕೈಯ ಬಗ್ಗೆಯೇ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಎರಡು ಚಕ್ರದ ಮೇಲೆ ಓಡಾಡಿದವನು. ಎಡ ಮಂಡಿ ಸವೆಯಿತು. ಓಡುವಾಗ ಏನೂ ತೊಂದರೆ ಇರಲಿಲ್ಲ, ನಿಂತಾಗಲೇ ತೊಂದರೆ. ದೊಡ್ಡ ಟೂರಿಂಗ್ ಬೈಕು ಓಡುತ್ತಿರುವಷ್ಟು ಹೊತ್ತು ಹೂವಿನಷ್ಟು ಹಗುರ. ನಿಂತ ಮರುಕ್ಷಣ 400 ಕಿಲೋ ಕಬ್ಬಿಣ ಒಂದು ಕಾಲಿನ ಮೇಲೆ ಬರುತ್ತದೆ. ಒಂದು ದಿನ ಇಳಿಜಾರಿನಲ್ಲಿ, ಮರಳಿನ ಮೇಲೆ, ಆ ಕಾಲು ಒಪ್ಪಲಿಲ್ಲ. ಬೈಕು ನಿಧಾನವಾಗಿ, ಬಹಳ ಮರ್ಯಾದೆಯಿಂದ, ನನ್ನನ್ನು ಜೊತೆಗೆ ಕರೆದುಕೊಂಡು ಮಲಗಿತು. ಏಟೇನೂ ಆಗಲಿಲ್ಲ. ಆದರೆ ಎತ್ತಲು ಇಬ್ಬರು ಅಪರಿಚಿತರು ಬರಬೇಕಾಯಿತು. ಟ್ರೈಕಿನ ಯೋಚನೆ ಬಂದದ್ದು ಅವತ್ತು.

ಟ್ರೈಕಿಗೆ ಬರುವವರಲ್ಲಿ ಅನೇಕರು ಹೀಗೆಯೇ ಬರುತ್ತಾರೆ. ಮಂಡಿ, ಸೊಂಟ, ತಲೆಸುತ್ತು, ಕಳೆದುಕೊಂಡ ಕಾಲು, ಕುಗ್ಗಿದ ಸಮತೋಲನ. ಅದಕ್ಕೇ ಅದನ್ನು ಊರುಗೋಲು ಎಂದುಕೊಳ್ಳುವವರು ಬಹಳ. ಹಳೆಯ ಬೈಕಿಗೇ ಇನ್ನೊಂದು ಚಕ್ರ ಸೇರಿಸಿದ್ದಾರೆ, ಬೀಳುವ ಭಯವಿಲ್ಲ, ಇನ್ನೇನು ಕಲಿಯುವುದಿದೆ ಎಂಬ ಭಾವನೆ. ನನಗೂ ಅದೇ ಭಾವನೆ ಇತ್ತು. ಅದು ಎಷ್ಟು ತಪ್ಪು ಎಂಬುದು ಮೊದಲ ತಿರುವಿನಲ್ಲೇ ಗೊತ್ತಾಯಿತು.

ಖಾಲಿ ಮೈದಾನ. ಸಂಜೆ. ನೇರ ಓಡಿಸಿದೆ, ಸುಖವಾಗಿತ್ತು. ಎಡಕ್ಕೆ ತಿರುಗಬೇಕು. ಮೂವತ್ತು ವರ್ಷದ ಅಭ್ಯಾಸ, ಎಡ ಅಂಗೈ ಹ್ಯಾಂಡಲಿನ ಎಡ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿತು. ಗಾಡಿ ಬಲಕ್ಕೆ ಹೋಯಿತು. ತಪ್ಪಾಯಿತೆಂದು ಇನ್ನೂ ಜೋರಾಗಿ ಒತ್ತಿದೆ. ಗಾಡಿ ಇನ್ನೂ ಬಲಕ್ಕೆ ಹೋಯಿತು. ಮುಂದೆ ತಂತಿ ಬೇಲಿ. ಬ್ರೇಕ್ ಹಿಡಿದು ನಿಂತಾಗ ಬೇಲಿಗೂ ನನಗೂ ಒಂದು ಮಾರು ಅಂತರ.

ಏನಾಯಿತು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡು ಚಕ್ರದ ಗಾಡಿ ತಿರುಗುವುದು ವಾಲಿಕೊಂಡು. ವಾಲಬೇಕಾದರೆ ಮುಂದಿನ ಚಕ್ರವನ್ನು ಕ್ಷಣಕಾಲ ವಿರುದ್ಧ ದಿಕ್ಕಿಗೆ ಸರಿಸಬೇಕು. ಎಡ ಹಿಡಿಯನ್ನು ಮುಂದಕ್ಕೆ ಒತ್ತಿದಾಗ ಚಕ್ರ ಬಲಕ್ಕೆ ಸರಿಯುತ್ತದೆ, ಗಾಡಿಯ ಮೈ ಎಡಕ್ಕೆ ವಾಲುತ್ತದೆ, ಆಮೇಲೆ ಗಾಡಿ ಎಡಕ್ಕೆ ತಿರುಗುತ್ತದೆ. ಕೌಂಟರ್ ಸ್ಟಿಯರಿಂಗ್ ಎನ್ನುವುದು ಇದನ್ನೇ. ವಿಮಾನ ಹಾರಿಸಿದ ರೈಟ್ ಸಹೋದರರು ಮೊದಲು ಸೈಕಲ್ ಅಂಗಡಿ ಇಟ್ಟಿದ್ದವರು. ಎಡಕ್ಕೆ ಹೋಗುವ ಸವಾರ ಮೊದಲು ಹ್ಯಾಂಡಲನ್ನು ಬಲಕ್ಕೆ ತಿರುಗಿಸುತ್ತಾನೆ, ಆದರೆ ಹಾಗೆ ಮಾಡುತ್ತಿರುವುದು ಅವನಿಗೇ ಗೊತ್ತಿರುವುದಿಲ್ಲ ಎಂಬುದನ್ನು ವಿಲ್ಬರ್ ರೈಟ್ ಗಮನಿಸಿದ್ದ. ಗೊತ್ತಿಲ್ಲದೇ ಕಲಿತ ವಿದ್ಯೆಯಾದ್ದರಿಂದಲೇ ಇದನ್ನು ಬಿಡುವುದು ಇಷ್ಟು ಕಷ್ಟ. ಟ್ರೈಕ್ ವಾಲುವುದಿಲ್ಲ. ಚಕ್ರ ಬಲಕ್ಕೆ ತಿರುಗಿದರೆ ಗಾಡಿಯೂ ಬಲಕ್ಕೇ ಹೋಗುತ್ತದೆ. ಎಡಕ್ಕೆ ಹೋಗಬೇಕಿದ್ದರೆ ಎಡ ಹಿಡಿಯನ್ನು ಎಳೆಯಬೇಕು, ಬಲ ಹಿಡಿಯನ್ನು ತಳ್ಳಬೇಕು. ಮಗುವಾಗಿದ್ದಾಗ ಮೂರು ಚಕ್ರದ ಸೈಕಲ್ ತುಳಿದದ್ದೂ ಹೀಗೆಯೇ.

ಹೊಸಬರು ಇದನ್ನು ಅರ್ಧ ಗಂಟೆಯಲ್ಲಿ ಕಲಿಯುತ್ತಾರೆ. ಒಂದೂ ದಿನ ಬೈಕ್ ಓಡಿಸದ ಒಬ್ಬರು ನನ್ನ ಕಣ್ಣೆದುರೇ ಟ್ರೈಕ್ ಹತ್ತಿ ಎಂಟರ ಆಕಾರದಲ್ಲಿ ಸುತ್ತಿ ಬಂದರು. ಕಷ್ಟ ಇರುವುದು ನಮ್ಮಂಥ ನುರಿತವರಿಗೆ. ಸಾಮಾನ್ಯ ಹೊತ್ತಿನಲ್ಲಿ ಕೈ ಹೊಸ ಪಾಠವನ್ನೇ ಒಪ್ಪಿಸುತ್ತದೆ. ಗಾಬರಿಯಾದಾಗ, ಎದುರಿಗೆ ನಾಯಿ ಅಡ್ಡ ಬಂದಾಗ, ಹಳೆಯ ಪಾಠ ಹೊರಬರುತ್ತದೆ. ಆದ್ದರಿಂದ ಖಾಲಿ ಜಾಗದಲ್ಲಿ ಮೆಲ್ಲಗೆ ಸುತ್ತಿದರೆ ಸಾಲದು. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಯಾರಾದರೂ ಥಟ್ಟನೆ ಕೈ ತೋರಿಸಿದ ಕಡೆಗೆ ತಪ್ಪಿಸಿಕೊಳ್ಳುವುದನ್ನು ಅಭ್ಯಾಸ ಮಾಡಬೇಕು. ಮತ್ತೆ ಮತ್ತೆ ಮಾಡಬೇಕು. ಇಷ್ಟು ಮಾಡದೆ ರಸ್ತೆಗೆ ಇಳಿಯಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬೈಕನ್ನೂ ಟ್ರೈಕನ್ನೂ ಒಟ್ಟಿಗೆ ಇಟ್ಟುಕೊಂಡು ದಿನ ಬಿಟ್ಟು ದಿನ ಬದಲಾಯಿಸುವವರಿದ್ದಾರೆ. ನನಗೆ ಆ ಧೈರ್ಯವಿಲ್ಲ.

ಇನ್ನು ಟ್ರೈಕ್ ಉರುಳುವುದಿಲ್ಲ ಎಂಬ ಮಾತು. ನಿಂತಾಗ ಬೀಳುವುದಿಲ್ಲ, ನಿಜ. ತಿರುವಿನಲ್ಲಿ? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಬೇಸರವಿಲ್ಲದಿದ್ದರೆ. ಟ್ರೈಕಿನಲ್ಲಿ ಮುಖ್ಯವಾಗಿ ಎರಡು ಜಾತಿ. ಮುಂದೆ ಒಂದು, ಹಿಂದೆ ಎರಡು ಚಕ್ರ ಇರುವುದು ಡೆಲ್ಟಾ. ಮುಂದೆ ಎರಡು, ಹಿಂದೆ ಒಂದು ಇರುವುದು ಟ್ಯಾಡ್‌ಪೋಲ್, ಅಂದರೆ ಗೊದಮೊಟ್ಟೆ. ಹೆಸರಿಟ್ಟವನಿಗೆ ಒಳ್ಳೆಯ ಕಣ್ಣಿತ್ತು. ಹಾರ್ಲೆ ಡೇವಿಡ್‌ಸನ್‌ನ ಟ್ರೈ ಗ್ಲೈಡ್ ಡೆಲ್ಟಾ. ಕ್ಯಾನ್-ಆಮ್ ಕಂಪನಿ 2007ರಲ್ಲಿ ತಂದ ಸ್ಪೈಡರ್ ಗೊದಮೊಟ್ಟೆ.

ಒಂದು ಡೆಲ್ಟಾ ಟ್ರೈಕನ್ನು ಊಹಿಸಿಕೊಳ್ಳಿ. ಹಿಂದಿನ ಚಕ್ರಗಳ ನಡುವೆ 1.2 ಮೀಟರ್ ಅಗಲ. ಮುಂದಿನ ಚಕ್ರದಿಂದ ಹಿಂದಿನ ಅಚ್ಚಿಗೆ 1.8 ಮೀಟರ್. ಭಾರದ ಕೇಂದ್ರ ನೆಲದಿಂದ 60 ಸೆಂಟಿಮೀಟರ್ ಎತ್ತರದಲ್ಲಿ, ಮುಂದಿನ ಚಕ್ರದಿಂದ 1.2 ಮೀಟರ್ ಹಿಂದೆ. ಕಾರಾಗಿದ್ದರೆ ಭಾರದ ಕೇಂದ್ರದಿಂದ ಪಕ್ಕದ ಅಂಚಿಗೆ 60 ಸೆಂಟಿಮೀಟರ್ ಆಸರೆ ಇರುತ್ತಿತ್ತು. ಆದರೆ ಟ್ರೈಕ್ ನಿಂತಿರುವುದು ತ್ರಿಕೋನದ ಮೇಲೆ, ಮುಂದೆ ಹೋದಂತೆ ಆಸರೆ ಕಿರಿದಾಗುತ್ತದೆ. ಭಾರದ ಕೇಂದ್ರ ಇರುವ ಕಡೆ ಉಳಿಯುವುದು 40 ಸೆಂಟಿಮೀಟರ್ ಮಾತ್ರ. ಈ ಗಾಡಿ 30 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ ಸುಮಾರು 50 ಕಿಲೋಮೀಟರ್ ಮುಟ್ಟಿದಾಗ ಒಳಗಿನ ಹಿಂಚಕ್ರ ನೆಲ ಬಿಡುತ್ತದೆ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಹಿಡಿತ ಇದಕ್ಕಿಂತ ಹೆಚ್ಚೇ ಇರುವುದರಿಂದ ಗಾಡಿ ಜಾರಿ ಎಚ್ಚರಿಸುವುದಿಲ್ಲ, ನೇರವಾಗಿ ಏಳುತ್ತದೆ.

ಆಗ ಹೆದರಿದ ಸವಾರ ಏನು ಮಾಡುತ್ತಾನೆ? ಬ್ರೇಕ್ ಹಿಡಿಯುತ್ತಾನೆ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ನುಗ್ಗುತ್ತದೆ, ಅಂದರೆ ತ್ರಿಕೋನದ ಚೂಪು ತುದಿಯ ಕಡೆಗೆ. ಸಾಧಾರಣ ಬ್ರೇಕಿಗೇ ನಮ್ಮ 50ರ ಮಿತಿ 46ರ ಆಸುಪಾಸಿಗೆ ಇಳಿಯುತ್ತದೆ. ಜೋರಾಗಿ ಹಿಡಿದರೆ ಇನ್ನೂ ಕೆಳಗೆ. ಗೊದಮೊಟ್ಟೆಯಲ್ಲಿ ಇದು ತಿರುವುಮುರುವು, ಬ್ರೇಕ್ ಹಿಡಿದಾಗ ಭಾರ ಅಗಲದ ಕಡೆಗೇ ಹೋಗುವುದರಿಂದ ಗಾಡಿ ಇನ್ನಷ್ಟು ಭದ್ರವಾಗುತ್ತದೆ. ಡೆಲ್ಟಾದವರು ತಿರುವಿನ ಮೊದಲೇ, ಗಾಡಿ ನೇರ ಇರುವಾಗಲೇ ವೇಗ ಇಳಿಸಿಕೊಳ್ಳಬೇಕು ಎನ್ನುವುದು ಸುಮ್ಮನೆ ಹೇಳುವ ಉಪದೇಶವಲ್ಲ, ಈ ತ್ರಿಕೋನದ ಲೆಕ್ಕ.

ಈ ಲೆಕ್ಕವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯೂ ಇದೆ. ಉಬ್ಬಿದ ಟೈರುಗಳ ಮೂರು ಚಕ್ರದ ಎಟಿವಿಗಳು, ಅಂದರೆ ರಸ್ತೆಯಿಲ್ಲದ ನೆಲದಲ್ಲಿ ಓಡಿಸುವ ಗಾಡಿಗಳು, 1970ರ ಮತ್ತು 80ರ ದಶಕಗಳಲ್ಲಿ ಅಮೆರಿಕದಲ್ಲಿ ಬಹಳ ಓಡಿದವು. ಉರುಳಿ ಬಿದ್ದು ಗಾಯಗೊಂಡವರ, ಸತ್ತವರ ಸಂಖ್ಯೆ ಏರಿ, 1988ರಲ್ಲಿ ತಯಾರಕರು ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡು ಅವುಗಳ ಮಾರಾಟ ನಿಲ್ಲಿಸಿದರು. ಅದೇ ದೇಶದಲ್ಲಿ ಹಾರ್ಲೆಯ ಸರ್ವಿ-ಕಾರ್ ಎಂಬ ಮೂರು ಚಕ್ರದ ಗಾಡಿ 1932ರಿಂದ 1973ರವರೆಗೆ ತಯಾರಾಗುತ್ತಲೇ ಇತ್ತು. ಗ್ಯಾರೇಜಿನ ಹುಡುಗ ಅದನ್ನು ಓಡಿಸಿಕೊಂಡು ಗಿರಾಕಿಯ ಮನೆಗೆ ಹೋಗಿ, ಅದನ್ನೇ ಕಾರಿನ ಹಿಂದೆ ಕಟ್ಟಿಕೊಂಡು ಕಾರನ್ನು ಗ್ಯಾರೇಜಿಗೆ ತರುತ್ತಿದ್ದ. ನಿಲುಗಡೆ ನಿಯಮ ನೋಡಿಕೊಳ್ಳುವ ಪೊಲೀಸರಿಗೂ ಅದು ಅಚ್ಚುಮೆಚ್ಚು. ನಿಂತು, ಚೀಟಿ ಬರೆದು, ಮತ್ತೆ ಹತ್ತು ಹೆಜ್ಜೆ ಮುಂದೆ ಹೋಗಿ ನಿಲ್ಲುವ ಕೆಲಸಕ್ಕೆ ಬೀಳದ ಗಾಡಿಗಿಂತ ಬೇರೇನು ಬೇಕು?

ಬ್ರೇಕಿನ ಮಾತು ಇನ್ನೂ ಮುಗಿದಿಲ್ಲ. ಬೈಕಿನಲ್ಲಿ ನಿಲ್ಲಿಸುವ ಶಕ್ತಿಯ ಹೆಚ್ಚು ಪಾಲು ಮುಂದಿನ ಬ್ರೇಕಿನದು, ಬೆರಳುಗಳಿಗೆ ಅದು ಗೊತ್ತು. ಡೆಲ್ಟಾದಲ್ಲಿ ಹಿಂದೆ ಎರಡು ಅಗಲ ಟೈರು, ಅವುಗಳ ಮೇಲೆ ಒಳ್ಳೆಯ ಭಾರ, ಹಾಗಾಗಿ ಬಲಗಾಲು ಇಲ್ಲಿ ನಿಜವಾದ ಕೆಲಸಗಾರ. ಸ್ಪೈಡರಿನಲ್ಲಂತೂ ಕೈಬ್ರೇಕಿನ ಲಿವರೇ ಇಲ್ಲ, ಒಂದೇ ಪೆಡಲು ಮೂರೂ ಚಕ್ರಗಳನ್ನು ಹಿಡಿಯುತ್ತದೆ. ಗೆಳೆಯರೊಬ್ಬರ ಸ್ಪೈಡರ್ ಓಡಿಸಿದ ದಿನ ನನ್ನ ಬಲಗೈಯ ನಾಲ್ಕು ಬೆರಳುಗಳು ಎಷ್ಟು ಸಲ ಬರಿಗಾಳಿ ಹಿಡಿದವೋ ಲೆಕ್ಕವಿಲ್ಲ.

ರಸ್ತೆಯೂ ಬೇರೆಯಾಗಿಯೇ ಕಾಣುತ್ತದೆ. ಬೈಕಿನವನಿಗೆ ರಸ್ತೆ ಎಂದರೆ ಒಂದು ಗೆರೆ, ಗುಂಡಿಯ ಪಕ್ಕ ನುಣುಚಿಕೊಂಡು ಹೋಗುತ್ತಾನೆ. ಟ್ರೈಕಿಗೆ ಮೂರು ಗೆರೆ. ಮುಂದಿನ ಚಕ್ರ ತಪ್ಪಿಸಿದ ಗುಂಡಿಗೆ ಹಿಂದಿನದು ಬೀಳುತ್ತದೆ, ಪಕ್ಕದ ಎರಡು ತಪ್ಪಿಸಿದ್ದಕ್ಕೆ ನಡುವಿನದು ಬೀಳುತ್ತದೆ. ಬೈಕಿನಲ್ಲಿ ಅಂಚಿಗೆ ಸರಿದು ಓಡಿಸುತ್ತಿದ್ದವರು ಇಲ್ಲೂ ಹಾಗೆ ಮಾಡಿದರೆ ಕಣ್ಣಿಗೆ ಕಾಣದ ಹಿಂಚಕ್ರ ರಸ್ತೆ ಬಿಟ್ಟು ಮಣ್ಣಿನಲ್ಲಿ ಓಡುತ್ತಿರುತ್ತದೆ. ಪಥದ ನಡುವೆ ಇರಿ. ರಸ್ತೆಯ ಇಳುಕಲು ಇರುವ ಕಡೆಗೆ ಗಾಡಿ ಸದಾ ಎಳೆಯುತ್ತದೆ, ಮೊದಮೊದಲು ಭುಜ ನೋಯುತ್ತದೆ. ಬೈಕನ್ನು ಟ್ರೈಕಾಗಿ ಮಾರ್ಪಡಿಸುವಾಗ ಮುಂದಿನ ಫೋರ್ಕಿನ ಕೋನವನ್ನು ಬದಲಿಸುವುದು ಈ ಹ್ಯಾಂಡಲ್ ಭಾರ ಇಳಿಸುವುದಕ್ಕಾಗಿ. ಹಣ ಉಳಿಸಲು ಅದನ್ನು ಕೈಬಿಟ್ಟವರ ಗಾಡಿ ಓಡಿಸಿದ್ದೇನೆ, ಎತ್ತನ್ನು ಕೊಂಬು ಹಿಡಿದು ತಿರುಗಿಸಿದಂತಿತ್ತು.

ತಿರುವಿನಲ್ಲಿ ಮೈಗೆ ಆಗುವ ಅನುಭವವನ್ನೂ ಹೇಳಬೇಕು. ಬೈಕು ವಾಲಿದಾಗ ಬಲವೆಲ್ಲ ಸೀಟಿನ ಕಡೆಗೇ ಒತ್ತುತ್ತದೆ, ಪಕ್ಕಕ್ಕೆ ಎಸೆಯುವುದಿಲ್ಲ. ಟ್ರೈಕ್ ಎಸೆಯುತ್ತದೆ. ಬೀಳದಿರಲು ಹ್ಯಾಂಡಲ್ ಹಿಡಿದು ನೇತಾಡಿದರೆ ಗಾಡಿಯೂ ತೂಗಾಡುತ್ತದೆ. ಹೊರಗಿನ ಪಾದವನ್ನು ಫುಟ್‌ರೆಸ್ಟಿಗೆ ಒತ್ತಿ, ಸೊಂಟದಿಂದ ಒಳಕ್ಕೆ ಬಾಗಿ, ಕೈಗಳನ್ನು ಸಡಿಲ ಬಿಡಬೇಕು.

ವಾಲುವ ಸುಖ ಬಿಡಲಾರೆ ಎನ್ನುವವರಿಗೆ ಮೂರು ಚಕ್ರದಲ್ಲೂ ವಾಲುವ ಗಾಡಿಗಳಿವೆ. ಪಿಯಾಜಿಯೋದ ಎಂಪಿ3 ಬಂದದ್ದು 2006ರಲ್ಲಿ, ಯಮಹಾದ ನಿಕೆನ್ 2018ರಲ್ಲಿ. ಅವು ಬೈಕಿನಂತೆಯೇ ತಿರುಗುತ್ತವೆ, ಹಳೆಯ ಕೈಯೇ ಸಾಕು. ಆದರೆ ನಿಕೆನ್ ನಿಂತಾಗ ಕಾಲು ಊರಲೇಬೇಕು. ನನ್ನಂಥ ಮಂಡಿಯವನಿಗೆ ಅದರಿಂದ ಲಾಭವಿಲ್ಲ.

ಮಜಾ ಇದೆಯೇ ಎಂದು ಎಲ್ಲರೂ ಕೇಳುತ್ತಾರೆ. ಇದೆ, ಆದರೆ ಅದೇ ಮಜಾ ಅಲ್ಲ. ಬೆಟ್ಟದ ರಸ್ತೆಯಲ್ಲಿ ಎಡಕ್ಕೆ ವಾಲಿದ ಬೈಕು ಬಲಕ್ಕೆ ವಾಲುವ ಮುನ್ನ ಒಂದು ಗಳಿಗೆ ತೂಕವೇ ಇಲ್ಲದಂತಾಗುತ್ತದಲ್ಲ, ಅದು ಹೋಯಿತು. ನನಗೆ ಈಗಲೂ ಕನಸಿನಲ್ಲಿ ಅದು ಬರುತ್ತದೆ. ಬದಲಿಗೆ ಸಿಕ್ಕಿದ್ದು ಬೇರೆ. ಸಿಗ್ನಲಿನಲ್ಲಿ ಎರಡೂ ಕೈ ಬಿಟ್ಟು ಕನ್ನಡಕ ಒರೆಸಿಕೊಳ್ಳಬಹುದು. ಹಿಂದೆ ಕೂತ ಹೆಂಡತಿ ಅತ್ತಿತ್ತ ತಿರುಗಿ ಏನಾದರೂ ತೋರಿಸಿದರೆ ಎದೆ ಧಸಕ್ಕೆನ್ನುವುದಿಲ್ಲ. ಜಲ್ಲಿ ಹರಡಿದ ಇಳಿಜಾರು ಕಂಡರೆ ಹೊಟ್ಟೆಯಲ್ಲಿ ಏನೂ ಆಗುವುದಿಲ್ಲ.

ಈಗ ಹೊರಗೆ ಹೋಗೋಣ. ಹಿಂದಿನ ಅಂಗಳ ಖಾಲಿ ಇದೆ, ಒಬ್ಬೊಬ್ಬರಾಗಿ ಹತ್ತಿ ನೋಡಬಹುದು. ಒಂದು ವಿಷಯವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ, ಇಲ್ಲಿಂದ ಗಾಡಿಯವರೆಗೆ ಹೋಗುವಷ್ಟರಲ್ಲಿ ಮರೆಯದಿರಲಿ ಎಂದು. ನನ್ನ ಎಡ ಬೂಟಿನ ಹಿಮ್ಮಡಿ ನೋಡಿ, ರಬ್ಬರು ಕಿತ್ತಿರುವುದು ಕಾಣುತ್ತದೆ. ಗಾಡಿ ನಿಲ್ಲುವ ಮುನ್ನ ಅಭ್ಯಾಸ ಬಲದಿಂದ ಕಾಲು ಕೆಳಗಿಟ್ಟೆ. ಬೈಕಿನಲ್ಲಿ ಕಾಲಿನ ಹಿಂದೆ ಏನೂ ಇರುವುದಿಲ್ಲ, ಇಲ್ಲಿ ಹಿಂದಿನ ಚಕ್ರ ಬರುತ್ತಿರುತ್ತದೆ. ಅದು ಹಿಮ್ಮಡಿಯನ್ನು ಹಿಡಿದು ನೆಲಕ್ಕೆ ಒತ್ತಿತು. ನಡಿಗೆಯ ವೇಗವಾದ್ದರಿಂದ ಬೂಟು ಮಾತ್ರ ಹೋಯಿತು. ನೀವು ಹತ್ತಿದ ಮೇಲೆ ನಾನು ಪಕ್ಕದಲ್ಲೇ ನಡೆದು ಬರುತ್ತೇನೆ. ಗಾಡಿ ಪೂರ್ತಿ ನಿಂತು, ಪಾರ್ಕಿಂಗ್ ಬ್ರೇಕ್ ಹಾಕಿ, ನಾನು ಇಳಿಯಿರಿ ಎನ್ನುವ ತನಕ ಎರಡೂ ಪಾದ ಮೇಲೆಯೇ ಇರಲಿ.